ಮಧ್ಯಾಹ್ನದ ಹೆಬ್ಬೆಟ್ಟು

ನಾಗಮಂಗಲದ ಬಸ್‌ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅರ್ಫಾತನ ಅಂಗಡಿ. ಒಂದು ಬೆಂಚು, ಒಂದು ಉದ್ದನೆಯ ಮೇಜು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ ನಾಲ್ಕಾರು ಕಂಪ್ಯೂಟರು, ಅಷ್ಟೇ. ಅವನ ಅಪ್ಪ ಅಹಮದ್ ಪಾಷಾ ಅದೇ ಮೇಜಿನ ಮೇಲೆ ರೇಡಿಯೊ ರಿಪೇರಿ ಮಾಡಿ, ರೇಡಿಯೊ ಕಾಲ ಮುಗಿದ ಮೇಲೆ ಟೀವಿ ರಿಪೇರಿ ಮಾಡಿ, ಟೀವಿ ಕಾಲವೂ ಮುಗಿಯುವ ಹೊತ್ತಿಗೆ ಕಣ್ಣು ಮುಚ್ಚಿದವರು. ಮಗ ಕಂಪ್ಯೂಟರು ಹಿಡಿದ. ಹಿಡಿದವನು ಮೇಜಿಗೆ ಅಂಟಿಕೊಂಡು ಕೂರಲಿಲ್ಲ. ಬೈಕಿನ ಪಕ್ಕಕ್ಕೊಂದು ಚೀಲ ಕಟ್ಟಿಕೊಂಡು ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ಅತ್ತ ಬೆಳಗೊಳದವರೆಗೂ ಹೋದ. ಎಲ್ಲೆಲ್ಲಿ ಒಂದು ಕಂಪ್ಯೂಟರಿಗೆ ಒಂದು ವಯರು ಚುಚ್ಚಿದೆಯೋ ಅಲ್ಲೆಲ್ಲ ಅವನ ಫೋನ್ ನಂಬರು ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆದಿರುತ್ತಿತ್ತು. 'ಅರ್ಫಾತು ಬಂದು ನೋಡಿದ್ನಾ? ಅಂಗಾರೆ ಬುಡು, ಸರಿ ಓಯ್ತದೆ' ಅನ್ನುವುದು ಆ ಕಡೆಯ ಮಾತು.

ಅವನಿಗೊಂದು ಪದ್ಧತಿ ಇತ್ತು. ಬೆಳಗಿನ ನಮಾಜು ಮುಗಿಸಿದವನೇ ಬೈಕು ಹತ್ತುತ್ತಿದ್ದ. ದೂರದ ಊರುಗಳನ್ನೆಲ್ಲ ತಂಪು ಹೊತ್ತಿನಲ್ಲೇ ಮುಗಿಸಿ, ಬಿಸಿಲು ಏರುವಷ್ಟರಲ್ಲಿ ನಾಗಮಂಗಲಕ್ಕೆ ವಾಪಸು. ಹಳ್ಳಿಯವರು ಇನ್ನೂ ಹಾಲು ಹಾಕಿ ಬಂದು ಬಾಯಿ ಮುಕ್ಕಳಿಸುತ್ತಿರುವಾಗಲೇ ಇವನು ಕೆಲಸ ಮುಗಿಸಿ ಚೀಲ ಕಟ್ಟುತ್ತಿದ್ದ. ಎಂಥ ಚುರುಕು ಹುಡುಗ ಅಂತ ಎಲ್ಲರೂ ಹೊಗಳುತ್ತಿದ್ದರು.

ಆ ವರ್ಷ ಯುಗಾದಿ ಕಳೆದ ಮೇಲೆ ಬಿದ್ದ ಮಳೆಯಲ್ಲಿ ನೀರಿಗಿಂತ ಸದ್ದೇ ಹೆಚ್ಚು. ಬಯಲು ಸೀಮೆಯ ಸಿಡಿಲು ಮರಕ್ಕೆ ಹೊಡೆದರೆ ಮರ ಸೀಳುತ್ತದೆ, ಕಂಬದ ವಯರಿಗೆ ಹೊಡೆದರೆ ಆ ವಯರಿನ ಕೊನೆಯಲ್ಲಿ ಯಾರ ಮನೆ ಇದೆಯೋ ಅಲ್ಲಿಗೆ ಹೋಗಿ ಕೂರುತ್ತದೆ. ಹಾಗೆ ಊರೂರಿನ ಕಂಪ್ಯೂಟರುಗಳಲ್ಲಿ ಇಂಟರ್ನೆಟ್ಟಿನ ವಯರು ಚುಚ್ಚುವ ಜಾಗವೇ ಸುಟ್ಟುಹೋಯಿತು. ಅದಕ್ಕೆ ಮದ್ದು ದೊಡ್ಡದಲ್ಲ. ಕಂಪ್ಯೂಟರಿನ ಒಳಗೆ ಬೇರೆ ನೆಟ್‌ವರ್ಕ್ ಕಾರ್ಡು ಅಂತ ಅಂಗೈಯಷ್ಟು ಅಗಲದ ಹಸಿರು ಹಲಗೆ ಕೂರಿಸಿದರೆ ವಯರನ್ನು ಅದಕ್ಕೆ ಚುಚ್ಚಬಹುದು.

ಅರ್ಫಾತ ಮೈಸೂರಿನಿಂದ ಒಂದು ಕಟ್ಟು ಕಾರ್ಡು ತಂದ. ಎಲ್ಲ ಒಂದೇ ಕಂಪನಿಯವು, ಒಂದೇ ಬಣ್ಣದವು, ಎಳೆ ವೀಳ್ಯದೆಲೆಯ ಹಾಗೆ ಹೊಳೆಯುತ್ತಿದ್ದವು. ಮಿಕ್ಕ ವರ್ಷಗಳಾಗಿದ್ದರೆ ಅವನು ಒಂದೊಂದನ್ನೂ ತನ್ನ ಮೇಜಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಓಡಿಸಿ ನೋಡಿ ಆಮೇಲೆ ಗಿರಾಕಿಗೆ ಹಾಕುತ್ತಿದ್ದ. ಈ ಸಲ ನಾಲ್ಕು ತಾಲ್ಲೂಕಿನಿಂದಲೂ ಫೋನು. ನಮ್ಮೂರಿಗೆ ಮೊದಲು ಬಾ, ನಮ್ಮೂರಿಗೆ ಮೊದಲು ಬಾ. ಕಾರ್ಡು ಕೂರಿಸಿದ, ಹಸಿರು ದೀಪ ಮಿಣಕಿತು, ಮುಂದಿನ ಊರಿಗೆ ಹೋದ.

ಹಾಗೆ ಹೋದ ಊರುಗಳಲ್ಲಿ ಒಂದು ಕಾರೇಮೆಳೆಕೊಪ್ಪಲು. ಬಿಂಡಿಗನವಿಲೆಯಿಂದ ಒಳಗೆ, ಕುರಿ ಮಂದೆ ದಾಟಿಕೊಂಡು ಹೋಗಬೇಕು. ಅಲ್ಲಿಯ ಸೊಸೈಟಿಯವರು ತಗಡಿನ ಮಾಡಿನ ಕೋಣೆಯೊಂದರಲ್ಲಿ ರೇಷನ್ ಅಂಗಡಿ ನಡೆಸುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂರುವವಳು ಪ್ರಮೀಳಾ. ಆ ಊರಿಗೆ ಸೊಸೆಯಾಗಿ ಬಂದವಳು, ಪಿಯುಸಿ ಓದಿದವಳು, ಗಂಡ ಹಾಲಿನ ವ್ಯಾನು ಓಡಿಸುತ್ತಾನೆ. ಅಕ್ಕಿ ತಗೊಳ್ಳಬೇಕಾದರೆ ಮನೆಯವರು ಯಾರಾದರೊಬ್ಬರು ಬಂದು ಅವಳ ಮುಂದಿನ ಸಣ್ಣ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಬೇಕು. ಆ ಗುರುತು ಬೆಂಗಳೂರಿಗೆ ಹೋಗಿ, 'ಹೌದು, ಇವರೇ' ಅಂತ ಉತ್ತರ ಬರಬೇಕು. ಬಂದರೆ ಅಕ್ಕಿ. ಬಾರದಿದ್ದರೆ 'ಎಬ್ಬೆಟ್ಟು ಒಪ್ಲಿಲ್ಲ, ನಾಳೆ ಬನ್ನಿ.'

ಹೆಬ್ಬೆಟ್ಟು ಒಪ್ಪಿಸುವುದೇ ಆ ಊರಿನಲ್ಲೊಂದು ವಿದ್ಯೆಯಾಗಿತ್ತು. ಸೋಪು ಹಾಕಿ ತೊಳೆಯುವವರು, ನಿಂಬೆಹಣ್ಣು ಉಜ್ಜುವವರು, ಕೊಬ್ಬರಿ ಎಣ್ಣೆ ಸವರಿ ಸೆರಗಿನಲ್ಲಿ ಒರೆಸುವವರು. ಮುದುಕಿಯರಂತೂ ಒತ್ತುವ ಮುಂಚೆ ಹೆಬ್ಬೆಟ್ಟನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಸಿಡಿಲಿನ ಮಳೆ ಆದ ಮೇಲೆ ಮಾತ್ರ ಯಾವ ವಿದ್ಯೆಯೂ ನಡೆಯಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಬಂದವರದು ಹೋಗುತ್ತಿತ್ತು. ಹೊತ್ತೇರಿ ಬಂದವರದು ಹೋಗುತ್ತಿರಲಿಲ್ಲ. ಈಗ ಆ ಊರಿನ ಲೆಕ್ಕ ನೋಡಿ. ಬೆಳಿಗ್ಗೆ ಬರುವವರು ಅಂಗಡಿಯ ಸುತ್ತಮುತ್ತಲ ಮೇಲಿನ ಬೀದಿಯವರು, ಅಂದರೆ ಪ್ರಮೀಳಳ ಅಕ್ಕಪಕ್ಕದವರು. ಕೆಳಗಿನ ಬೀದಿಯ ಹೆಂಗಸರು ಕೂಲಿಗೆ ಹೋಗಿ, ನೆತ್ತಿ ಮೇಲೆ ಬಿಸಿಲು ಹೊತ್ತು, ಮಧ್ಯಾಹ್ನ ಬಿಡುವು ಮಾಡಿಕೊಂಡು ಬರುವವರು. ಮೇಲಿನ ಬೀದಿಗೆ ಅಕ್ಕಿ ಸಿಕ್ಕಿತು, ಕೆಳಗಿನ ಬೀದಿಗೆ ಸಿಗಲಿಲ್ಲ. ಒಂದು ದಿನವಾದರೆ ಹೋಗಲಿ ಅನ್ನಬಹುದು. ದಿನಾ ಹಾಗೇ ಆದರೆ ಜನ ಏನನ್ನುತ್ತಾರೆ?

'ಅವ್ಳ ಬೀದಿಯೋರ್ದೆಲ್ಲ ಒಪ್ತದೆ, ನಮ್ದು ಮಾತ್ರ ಒಪ್ಪಕ್ಕಿಲ್ವಾ?' ಅಂದರು. 'ನಮ್ಮಕ್ಕಿ ಯಾರ್ ಮನೆ ಮಡ್ಕೇಲಿ ಬೇಯ್ತಾ ಐತೋ' ಅಂದರು.

ಸೊಸೈಟಿ ಅಧ್ಯಕ್ಷರು ಮುದ್ದಯ್ಯ. ಮಾತು ಗಡಸು, ಮನುಷ್ಯ ಕೆಟ್ಟವರಲ್ಲ. ಅವರು ಅರ್ಫಾತನಿಗೆ ಫೋನು ಮಾಡಿದರು. ಅರ್ಫಾತ ತನ್ನ ಪದ್ಧತಿಯಂತೆ ತಂಪು ಹೊತ್ತಿನಲ್ಲೇ ಬಂದ. ಪ್ರಮೀಳಾ ಆಗ ತಾನೇ ಕೋಣೆ ಗುಡಿಸಿ ಕಂಪ್ಯೂಟರು ಹಾಕಿದ್ದಳು. ಅವನು ವಯರು ನೋಡಿದ, ದೀಪ ನೋಡಿದ, ಲೈನಿನ ಆ ತುದಿಗೆ ಕೇಳಿಸುತ್ತದಾ ಅಂತ ಯಂತ್ರದಿಂದ ನಾಲ್ಕು ಸಲ ಕೂಗು ಹಾಕಿಸಿದ, ನಾಲ್ಕು ಸಲವೂ ಆ ಕಡೆಯಿಂದ ಓಗೊಟ್ಟಿತು. ಮುದ್ದಯ್ಯನವರ ಹೆಬ್ಬೆಟ್ಟನ್ನೇ ಒತ್ತಿಸಿದ, ತಟ್ಟನೆ ಒಪ್ಪಿತು.

"ಎಲ್ಲಾ ಸರಿ ಐತೆ ಗೌಡ್ರೆ. ಲೈನೂ ಸರಿ, ಕಂಪ್ಯೂಟ್ರೂ ಸರಿ" ಅಂದ.

ಕೆಳಗಿನ ಬೀದಿಯ ಚಲುವಮ್ಮ ಅಂತ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತಿತ್ತು. "ಅಂಗಾರೆ ನನ್ ಎಬ್ಬೆಟ್ಟು ಯಾಕ್ ಮಗ ಒಪ್ಪಕ್ಕಿಲ್ಲ?"

"ಅಜ್ಜಿ, ಕಳೆ ಕಿತ್ತೂ ಕಿತ್ತೂ ನಿಮ್ಮ ಬೆಳ್ಳಿನ ಗೆರೆ ಸವ್ದೋಗವೆ. ವಯಸ್ಸಾದ್ಮೇಲೆ ಅಂಗೇಯ."

"ಇಂಗೂ ಉಂಟಾ. ಗಂಡ ಓದ, ಹಲ್ಲೋದೋ, ಈಗ ಬೆಳ್ಳೂ ಓಯ್ತಾ?" ಅಂತು ಅಜ್ಜಿ. ನಿಂತಿದ್ದವರೆಲ್ಲ ನಕ್ಕರು. ಅರ್ಫಾತನೂ ನಕ್ಕ.

ಪ್ರಮೀಳಾ ನಗಲಿಲ್ಲ. "ಅರ್ಫಾತಣ್ಣ, ವಸಿ ನಿಂತ್ಕೊಂಡು ನೋಡಿ. ಬೆಳಗ್ಗೆ ಓಯ್ತದೆ. ಒತ್ತೇರಿದ ಮ್ಯಾಲೆ ಒಲ್ಲೆ ಅಂತದೆ. ನಾ ದಿನಾ ನೋಡ್ತಾ ಇವ್ನಿ."

"ಮಿಷಿನ್‌ಗೆ ಏನ್ ಗೊತ್ತಕ್ಕ ಬೆಳಗ್ಗೆ ಯಾವ್ದು ಮಧ್ಯಾಹ್ನ ಯಾವ್ದು ಅಂತ? ಅದೇನು ಊಟ ಮಾಡ್ಬುಟ್ಟು ಮಲೀಕ್ಕೊಂಡದಾ?" ಅಂದ ಅರ್ಫಾತ. ಜನ ಇನ್ನೊಂದು ಸಲ ನಕ್ಕರು. ಅವನು ಚೀಲದ ಬಾಯಿ ಕಟ್ಟಿದ.

ಯಂತ್ರ ಸರಿ ಇದೆ ಅಂದಮೇಲೆ ತಪ್ಪು ಯಾರದು ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಅಲ್ಲೇ ನಾಲ್ಕು ಹೆಜ್ಜೆಯಲ್ಲಿ ಮಾರಮ್ಮನ ಗುಡಿ. ಆ ಊರಿನಲ್ಲಿ ಕಳವಿನ ಮಾತು ಬಂದರೆ ಪೊಲೀಸಿನವರನ್ನು ಕರೆಯುವುದಿಲ್ಲ, ಕರ್ಪೂರ ಆರಿಸುವುದು ಅಂತ ಒಂದು ಆಣೆ ಇದೆ. ಗುಡಿಯ ಕಲ್ಲಿನ ಮೇಲೆ ಕರ್ಪೂರ ಹಚ್ಚಿ, ಮಾತು ಹೇಳಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಬೇಕು. ಸುಳ್ಳಾಡಿದ್ದರೆ ಅಮ್ಮ ನೋಡಿಕೊಳ್ಳುತ್ತಾಳೆ.

"ಆರುಸ್ತೀನಿ ನಡೀರಿ" ಅಂದಳು ಪ್ರಮೀಳಾ.

ಅರ್ಫಾತ ಬೈಕಿನ ಪಕ್ಕ ನಿಂತು ನೋಡಿದ. "ಯಾರ್ ಮನೇದೂ ಒಂದ್ ಕಾಳಕ್ಕಿ ನಾ ಮುಟ್ಟಿಲ್ಲ ತಾಯಿ" ಅಂತ ಅವಳು ಅಂಗೈ ಒತ್ತಿದ್ದು, ಕೈ ಎತ್ತಿದಾಗ ಅಂಗೈ ನಡುವೆ ಕಪ್ಪು ಮಸಿ ಇದ್ದದ್ದು, ಅವಳು ಅದನ್ನು ಒರೆಸಿಕೊಳ್ಳದೆ ಹಾಗೇ ಮುಷ್ಟಿ ಕಟ್ಟಿ ಮನೆಗೆ ನಡೆದದ್ದು, ಎಲ್ಲವನ್ನೂ ನೋಡಿದ. ಆಮೇಲೆ ಬೈಕು ಹತ್ತಿದ. ಬಿಸಿಲೇರುವ ಮುಂಚೆ ಊರು ಸೇರಬೇಕಿತ್ತಲ್ಲ.

ಆಣೆಯಾದರೂ ಅರ್ಧ ಊರು ನಂಬಿತು, ಅರ್ಧ ಊರು ನಂಬಲಿಲ್ಲ. ತಿಂಗಳು ಮುಗಿಯುತ್ತಲೇ ಮುದ್ದಯ್ಯ, "ಜನದ ಬಾಯಿ ಮುಚ್ಚೋಗಂಟ ನೀನು ಮನೇಲಿರವ್ವ" ಅಂತ ಪ್ರಮೀಳಳನ್ನು ಬಿಡಿಸಿ, ರಂಜಿತ ಅನ್ನುವ ಇನ್ನೊಬ್ಬ ಹುಡುಗಿಯನ್ನು ಕೂರಿಸಿದರು.

ಇದಾದ ಮೇಲೆ ಹೊಸ ತಿಂಗಳ ಅಕ್ಕಿ ಬರುವುದಕ್ಕೆ ಮುಂಚೆಯೇ ಕೆ.ಆರ್. ಪೇಟೆಯಿಂದ ಶಂಕರ್ ಫೋನು ಮಾಡಿದ. ಶಂಕರನದು ಜೆರಾಕ್ಸು, ಅರ್ಜಿ ಹಾಕುವುದು, ಕರೆಂಟು ಬಿಲ್ಲು ಕಟ್ಟುವುದು, ಹೀಗೆ ಎಲ್ಲ ಇರುವ ಅಂಗಡಿ. ಅರ್ಫಾತನ ಜೊತೆ ಓದಿದವನು, ಬಾಯಿಗೆ ಬೀಗವಿಲ್ಲ.

"ಲೇ ಅರ್ಫಾತು, ನೀನು ಕೋಳಿ ಕೂಗೋ ಒತ್ಗೆ ಬಂದು, ನಾಡಿ ಇಡ್ದು ನೋಡ್ಬುಟ್ಟು, ಚೆಂದಾಗೈತೆ ಅಂದ್ಬುಟ್ಟು ಓಯ್ತೀಯ. ಈ ರೋಗ ಬರೋದು ಮಧ್ಯಾಹ್ನ ಕಣ್ಲಾ. ಮಧ್ಯಾಹ್ನ ಬಾ. ಮನೆಯಿಂದ ಊಟ ತರುಸ್ತೀನಿ, ಉಂಡ್ಕೊಂಡು ಕುಂತು ನೋಡು."

ಗೆಳೆಯನ ಮಾತು ಅಂತ ಅರ್ಫಾತ ಹೋದ. ಹೋಗಿ ಕಂಪ್ಯೂಟರಿಗೆ ಅದೇ ಕೂಗು ಹಾಕುವ ಕೆಲಸ ಹಚ್ಚಿದ. ಅದೇನು ಅಂತ ಹೇಳಬೇಕು. ಕಂಪ್ಯೂಟರುಗಳು ಮಾತನ್ನು ಇಡಿಯಾಗಿ ಕಳಿಸುವುದಿಲ್ಲ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಒಂದರ ಹಿಂದೊಂದು ಕಳಿಸುತ್ತವೆ. ಇಲ್ಲಿಂದ 'ಇದ್ದೀಯಾ?' ಅಂತ ಒಂದು ಪೊಟ್ಟಣ ಹೋದರೆ ಅಲ್ಲಿಂದ 'ಇದ್ದೀನಿ' ಅಂತ ಒಂದು ಪೊಟ್ಟಣ ಬರಬೇಕು. ನಾಲ್ಕು ಸಲ ಕೂಗಿ ನಿಲ್ಲಿಸುವುದು ಅವನ ರೂಢಿ. ಈ ಸಲ ನಿಲ್ಲಿಸದೆ ಬಿಟ್ಟ. ಇಬ್ಬರೂ ಮುದ್ದೆ, ಉಪ್ಪೆಸರು ಉಂಡರು. ಕೈ ತೊಳೆದು ಬಂದು ನೋಡಿದರೆ ಪರದೆ ತುಂಬ ಹಲ್ಲು ಬಿದ್ದ ಬಾಯಿಯ ಹಾಗೆ ಗುಳಿ. ಎರಡು ಓಗೊಟ್ಟಿದೆ, ಒಂದಿಲ್ಲ. ಒಂದು ಓಗೊಟ್ಟಿದೆ, ಮೂರಿಲ್ಲ.

"ನೋಡ್ದಾ? ಸುಳ್ಳೇಳಿದ್ನಾ?" ಅಂದ ಶಂಕರ್, ಹಲ್ಲು ಚುಚ್ಚಿಕೊಳ್ಳುತ್ತಾ.

ಅರ್ಫಾತ ವಯರು ಬದಲಾಯಿಸಿದ. ಹಾಗೇ ಇತ್ತು. ಗೋಡೆ ಮೇಲಿನ ಇಂಟರ್ನೆಟ್ಟಿನ ಪೆಟ್ಟಿಗೆ ಬಿಚ್ಚಿ ತನ್ನ ಚೀಲದ ಪೆಟ್ಟಿಗೆ ಹಾಕಿದ. ಹಾಗೇ ಇತ್ತು. ಶಂಕರನ ಇನ್ನೊಂದು ಹಳೆಯ ಕಂಪ್ಯೂಟರು, ಸಿಡಿಲಿನಲ್ಲಿ ಬದುಕಿ ಉಳಿದದ್ದು, ಅದಕ್ಕೆ ಅದೇ ವಯರು ಚುಚ್ಚಿದ. ಒಂದು ಪೊಟ್ಟಣವೂ ಕಳೆಯಲಿಲ್ಲ. ಉಳಿದದ್ದು ಒಂದೇ. ಕಂಪ್ಯೂಟರಿನ ಪಕ್ಕೆ ಬಿಚ್ಚಿ, ತಾನೇ ಕೂರಿಸಿದ ಹಸಿರು ಕಾರ್ಡಿನ ಮೇಲೆ ಬೆರಳಿಟ್ಟ. ಕಾವಲಿಯ ಅಂಚು ಮುಟ್ಟಿದ ಹಾಗೆ ಕೈ ಹಿಂದಕ್ಕೆ ಬಂತು.

"ಆ ಫ್ಯಾನ್ ಇತ್ಲಾಗ್ ತಿರುಗ್ಸು" ಅಂದ.

ಗಾಳಿ ಕಾರ್ಡಿನ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಪರದೆ ಮೇಲೆ ಓಗೊಡುವುದು ಸಾಲಾಗಿ ಬರತೊಡಗಿತು. ಫ್ಯಾನು ಆಚೆ ತಿರುಗಿಸಿದ. ಮತ್ತೆ ಗುಳಿ. ಇತ್ತ ತಿರುಗಿಸಿದ, ಸರಿಹೋಯಿತು. ಕಾರ್ಡು ತಣ್ಣಗಿದ್ದಾಗ ಬುದ್ಧಿಯಾಗಿರುತ್ತದೆ, ಹೊತ್ತು ಕಳೆದು ಕಾಯುತ್ತಾ ಹೋದ ಹಾಗೆ ಪೊಟ್ಟಣ ಕೈಬಿಡುತ್ತದೆ. ಇಂಟರ್ನೆಟ್ಟಿನ ಸಾಮಾನ್ಯ ಪುಟವಾದರೆ ಕಳೆದದ್ದನ್ನು ಮತ್ತೆ ಕೇಳಿ ತರಿಸಿಕೊಂಡು ತಡವಾಗಿಯಾದರೂ ತೆರೆಯುತ್ತದೆ, ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಹೆಬ್ಬೆಟ್ಟಿಗೆ ಆ ತಾಳ್ಮೆ ಇಲ್ಲ. ಇಷ್ಟು ಹೊತ್ತಿನೊಳಗೆ ಉತ್ತರ ಬರಲಿಲ್ಲವೋ, ಒಪ್ಪಲಿಲ್ಲ ಅಂದುಬಿಡುತ್ತದೆ.

"ಇನ್ಮೇಲೆ ಜಗಳಕ್ಕೆ ಬಂದೋರ್ಗೆಲ್ಲ ನಿನ್ ಮನೆ ಅಡ್ರೆಸ್ ಕೊಡ್ತೀನಿ" ಅಂತ ಶಂಕರ್ ನಕ್ಕ. ಅರ್ಫಾತನ ಮುಖ ನೋಡಿ ನಗು ನಿಲ್ಲಿಸಿದ. "ಯಾಕ್ಲಾ? ಒಂದ್ ಕಾರ್ಡು ಕೆಟ್ಟಿದ್ರೆ ಬದ್ಲಾಯ್ಸು, ಅದುಕ್ಕೆ ಯಾಕ್ ಮಂಕಾಗ್ತೀಯ?"

ಅರ್ಫಾತನ ಕಿವಿಯಲ್ಲಿ ಬೇರೆ ಮಾತು ಕೂತಿತ್ತು. ಹೊತ್ತೇರಿದ ಮೇಲೆ ಒಲ್ಲೆ ಅನ್ನುತ್ತದೆ ಅಂತ ಅವಳು ಹೇಳಿದ್ದಳು. ಆ ಹೆಣ್ಣುಮಗಳು ರೋಗವನ್ನೇ ಕಂಡುಹಿಡಿದು ಕೈಗೆ ಕೊಟ್ಟಿದ್ದಳು. ಇವನು ಜನ ನಗಿಸಿ ಬಂದಿದ್ದ.

ಕೆಟ್ಟದ್ದು ತಿಳಿದ ಮೇಲೆ ರಿಪೇರಿಯವನು ಏನು ಮಾಡಬೇಕು? ಸರಿ ಮಾಡಬೇಕು. ಅರ್ಫಾತ ಅಷ್ಟನ್ನೇ ಮಾಡಿದ. ಬೇರೆ ಕಂಪನಿಯ ಕಾರ್ಡು ತಂದು, ಈ ಸಲ ಒಂದೊಂದನ್ನೂ ದಿನವಿಡೀ ಓಡಿಸಿ ನೋಡಿ, ನಾಲ್ಕು ತಾಲ್ಲೂಕೂ ಸುತ್ತಿದ. ಹೋದಲ್ಲೆಲ್ಲ 'ಸುಮ್ನೆ ಸರ್ವೀಸು' ಅಂದ. ಕಾರೇಮೆಳೆಕೊಪ್ಪಲಿನಲ್ಲಿ ರಂಜಿತ, "ಏನಾಗಿತ್ತಣ್ಣ?" ಅಂತ ಕೇಳಿದಾಗಲೂ, "ಏನಿಲ್ಲ ಕಣವ್ವ, ಧೂಳು" ಅಂದ. ಹಳೆಯ ಕಾರ್ಡನ್ನು ಅಂಗಿ ಜೇಬಿಗೆ ಹಾಕಿಕೊಂಡ. ಇನ್ನು ಎಲ್ಲರ ಹೆಬ್ಬೆಟ್ಟೂ ಹೋಗುತ್ತದೆ, ಎಲ್ಲರಿಗೂ ಅಕ್ಕಿ ಸಿಗುತ್ತದೆ, ಆ ಮಾತು ತಾನೇ ಮಾಸುತ್ತದೆ, ಪ್ರಮೀಳಕ್ಕನನ್ನು ಅವರೇ ವಾಪಸು ಕರೆಯುತ್ತಾರೆ. ಹೀಗೆಲ್ಲ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಬಾಯಿ ಬಿಟ್ಟು ಹೇಳಿದರೆ ನಾಳೆ ಯಾವ ಊರಿನವರು ಕರೆದಾರು ಅನ್ನುವ ಹೆದರಿಕೆಯನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಅದು ಹೇಳದೆಯೂ ಗೊತ್ತಿತ್ತು.

ಹೊಸ ತಿಂಗಳ ಅಕ್ಕಿ ಹಂಚಿದ ಮೇಲೆ ಮುದ್ದಯ್ಯನವರ ಫೋನು ಬಂತು. ದನಿ ಹಿಗ್ಗಿತ್ತು.

"ಅರ್ಫಾತು, ನೀನ್ ಏಳಿದ್ದೇ ನಿಜ ಕಣ್ಲಾ. ಮಿಷಿನ್ ಸರಿಯಾಗೇ ಇತ್ತು. ಆಯಮ್ಮನ್ನ ತಗುದ್ಬುಟ್ವಲ್ಲ, ಈಗ ಎಲ್ರುದ್ದೂ ಒಪ್ತಾ ಐತೆ. ಕೆಳಗಲ ಬೀದಿಯೋರ್ದು, ಮುದ್ಕೀರ್ದು, ಎಲ್ರುದ್ದೂ. ಆ ಚಲುವಮ್ಮ ಏನಂತು ಗೊತ್ತಾ? ನನ್ ಬೆಳ್ಳು ಸವ್ದೇ ಇರ್ನಿಲ್ಲ, ಆ ಪ್ರಮೀಳನೇ ಸವ್ಸಿದ್ದು ಅಂತು. ನಾನೂ ಅರ್ಧ ನಂಬಿದ್ದೆ ಕಣಪ್ಪ ಅವ್ಳ ಆಣೆಯ. ಮಾರಮ್ಮನ್ ಮುಂದೇನೇ ಸುಳ್ಳು ಆಡ್ಬುಟ್ಳಲ್ಲ."

ಅರ್ಫಾತ 'ಹೂಂ' ಅಂದ. ಇಲ್ಲ ಅನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದು ಹೂಂ.

ಕಾರ್ಡು ಹಾಗೇ ಕೆಟ್ಟಿದ್ದಿದ್ದರೆ ಅರ್ಧ ಊರಾದರೂ ಅವಳ ಕಡೆ ಇರುತ್ತಿತ್ತು. ಇವನು ಸದ್ದಿಲ್ಲದೆ ಸರಿ ಮಾಡಿ ಆ ಅರ್ಧವನ್ನೂ ಕಿತ್ತುಕೊಂಡ. ಆಮೇಲಿನ ಸುದ್ದಿಗಳು ಒಂದೊಂದಾಗಿ ಅವನ ಮೇಜಿನವರೆಗೂ ಬಂದವು. ಪ್ರಮೀಳಾ ನಲ್ಲಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರಂತೆ. ಹೆಣ್ಣುಮಕ್ಕಳ ಸಂಘಕ್ಕೆ ಅವಳನ್ನು ಕರೆಯುವುದು ಬಿಟ್ಟರಂತೆ. ಗಂಡ ಹಾಲಿನ ಕ್ಯಾನು ಎತ್ತುವಾಗ ಯಾರೋ, 'ಅಳ್ತೆ ಸರಿಯಾಗಿ ನೋಡ್ಕಳ್ರಪ್ಪ' ಅಂದರಂತೆ. ಪ್ರತಿ ಸಲವೂ ಅರ್ಫಾತ ನಾಳೆ ಹೋಗಿ ಹೇಳುತ್ತೇನೆ ಅಂದುಕೊಂಡ. ನಾಳೆ ಬಂದರೆ ಪಾಂಡವಪುರದಲ್ಲೋ ಬೆಳಗೊಳದಲ್ಲೋ ತುರ್ತು ಕೆಲಸವಿರುತ್ತಿತ್ತು. ಇಲ್ಲದಿದ್ದರೂ ಹುಡುಕಿಕೊಂಡು ಹೋಗುತ್ತಿದ್ದ.

ಅವನ ತಾಯಿ ಖುರ್ಷಿದ್ ಬೇಗಂ ಇದನ್ನೆಲ್ಲ ನೋಡುತ್ತಿದ್ದರು. ಮಗ ಊಟಕ್ಕೆ ಕೂತರೆ ತುತ್ತು ಕಟ್ಟಿ ಮತ್ತೆ ತಟ್ಟೆಗೇ ಇಡುತ್ತಾನೆ. ಅಂಗಿ ಒಗೆಯಲು ಹಾಕುವಾಗ ಜೇಬಿನಿಂದ ಅದೇ ಹಸಿರು ಹಲಗೆ ತೆಗೆದು ಮತ್ತೊಂದು ಅಂಗಿಯ ಜೇಬಿಗೆ ಹಾಕುತ್ತಾನೆ. ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಕೇಳಿದರು.

"ಏನು ಬೇಟಾ ಅದು? ತಾವೀಜ್ ತರ ಮೈಮೇಲೆ ಇಟ್ಕೊಂಡಿದ್ದೀಯ."

ಅರ್ಫಾತ ಹೇಳಿದ. ಕರ್ಪೂರದ್ದೂ ಹೇಳಿದ, ಹೂಂ ಅಂದದ್ದನ್ನೂ ಹೇಳಿದ. ತಾಯಿ ಬೈಯಲಿಲ್ಲ. ಸೊಪ್ಪಿನ ದಂಟು ಮುರಿಯುತ್ತಲೇ ಇದ್ದರು.

"ಆ ಹೆಣ್ಣು ನಮ್ಮೂರು ಸಂತೆಗೆ ಬರ್ತಾಳಾ?"

"ಬರ್ತಾಳೆ ಅಮ್ಮಿ, ಒಂದೊಂದ್ಸಲ."

"ನನ್ ಪಕ್ಕದಲ್ಲೇ ನಿಂತ್ಕೊಂಡು ಟೊಮೇಟೊ ಆರಿಸಿರ್ಬೋದು. ನಾನು ಗುರ್ತಿಲ್ದೆ ಜರುಗಮ್ಮ ಅಂದಿರ್ಬೋದು. ಇನ್ಮೇಲೆ ಸಂತೆಗೆ ನೀನೇ ಹೋಗಿ ತರಕಾರಿ ತಾ. ನನ್ಗೆ ಅವಳ ಮುಂದೆ ನಿಂತ್ಕೊಳ್ಳೋಕಾಗಲ್ಲ."

ಅಷ್ಟೇ ಅಂದು ಒಳಗೆ ಹೋಗಿ ಒಲೆ ಹಚ್ಚಿದರು.

ಮುಂದಿನ ಅಕ್ಕಿ ಹಂಚುವ ದಿನ ಅರ್ಫಾತ ಬೆಳಿಗ್ಗೆ ಹೊರಡಲಿಲ್ಲ. ಮಧ್ಯಾಹ್ನ ಹೊರಟ. ಅಷ್ಟು ಹೊತ್ತಿಗೆ ರಾಗಿ ಹೊಲಗಳು ಮೊಣಕಾಲುದ್ದ ಎದ್ದು, ದಾರಿಯುದ್ದಕ್ಕೂ ಕಳೆ ಕೀಳುವ ಹೆಂಗಸರು. ಮೋಡ ಮುಚ್ಚಿತ್ತು. ಸೊಸೈಟಿ ಮುಂದೆ ಚೀಲ ಹಿಡಿದ ಸಾಲು. ಒಳಗೆ ಮುದ್ದಯ್ಯ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಏನ್ಲಾ, ಇದೇನ್ ಈ ಒತ್ನಲ್ಲಿ? ಸೂರ್ಯ ಎತ್ಲಾಗ್ ಹುಟ್ಟವ್ನೆ ಇವತ್ತು?"

"ಗೌಡ್ರೆ, ಒಂದ್ ಗಳಿಗೆ ಅಕ್ಕಿ ನಿಲ್ಸಿ. ಎಲ್ರಿಗೂ ಒಂದ್ ವಿಷ್ಯ ತೋರಿಸ್ಬೇಕು."

ಅವನು ಒಳ್ಳೆಯ ಕಾರ್ಡು ತೆಗೆದು, ಜೇಬಿನ ಹಳೆಯ ಕಾರ್ಡು ಕೂರಿಸಿದ. ಮೊದಲು ಎಲ್ಲ ಸರಿಯಾಗೇ ನಡೆಯಿತು, ಇಬ್ಬರದು ಒಪ್ಪಿತು. ಸಾಲಿನಲ್ಲಿದ್ದವರು ಗೊಣಗಿದರು. ಅರ್ಫಾತ ಗೋಡೆಗೊರಗಿ ನಿಂತ, ಹಣೆಯಲ್ಲಿ ಬೆವರು. ಕಾರ್ಡು ಕಾದ ಮೇಲೆ, "ಅಜ್ಜಿ, ಬನ್ನಿ" ಅಂತ ಚಲುವಮ್ಮನನ್ನು ಕರೆದ. ಒಪ್ಪಲಿಲ್ಲ. ಮತ್ತೆ ಒತ್ತಿಸಿದ, ಒಪ್ಪಲಿಲ್ಲ. ಮುದ್ದಯ್ಯನವರನ್ನೇ ಎಬ್ಬಿಸಿ ಒತ್ತಿಸಿದ. ಅಧ್ಯಕ್ಷರ ಹೆಬ್ಬೆಟ್ಟನ್ನೂ ಯಂತ್ರ ಒಲ್ಲೆ ಅಂತು. ಆಮೇಲೆ ಕಾರ್ಡು ಬದಲಾಯಿಸಿದ. ಅಜ್ಜಿಯದು ಒಂದೇ ಸಲಕ್ಕೆ ಹೋಯಿತು.

"ಇದು ನಾ ತಂದು ಹಾಕಿದ್ ಕಾರ್ಡು. ಕೆಟ್ಟಿದ್ದು ಇದು. ಬೆಳಗ್ಗೆ ತಣ್ಣಗಿದ್ದಾಗ ನಡೀತದೆ, ಮಧ್ಯಾಹ್ನ ಕಾದ ಮ್ಯಾಲೆ ನಡ್ಯಲ್ಲ. ಪ್ರಮೀಳಕ್ಕ ಅವತ್ತು ಇದನ್ನೇ ಏಳಿದ್ರು. ನಾನು ನೋಡ್ದೆ, ಸರಿ ಐತೆ ಅಂದೆ" ಅಂದ ಅರ್ಫಾತ.

"ಯಾವತ್ತು ಗೊತ್ತಾಯ್ತು ನಿಂಗೆ?" ಮುದ್ದಯ್ಯ ಕೇಳಿದರು. ದನಿ ಇಳಿದಿತ್ತು.

"ಆಗ್ಲೇ ಗೊತ್ತಾಯ್ತು ಗೌಡ್ರೆ. ನೀವು ಫೋನ್ ಮಾಡೋಕ್ ಮುಂಚೇನೇ ಬದ್ಲಾಯ್ಸಿದ್ದೆ. ಧೂಳು ಅಂತ ಸುಳ್ಳೇಳಿ."

ಮುದ್ದಯ್ಯ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡು, "ನೀನ್ ಒಬ್ಬ ಏಳ್ದೆ ಅಂತ ನಾವು ಊರೆಲ್ಲ ಸೇರ್ಕೊಂಡು ಒಂದು ಹೆಣ್ಣಿನ ಕೈ ಸುಡ್ಸಿದ್ವಲ್ಲೋ" ಅಂದರು. ಚಲುವಮ್ಮ ತನ್ನ ಹೆಬ್ಬೆಟ್ಟನ್ನು ಎತ್ತಿ ಹಿಡಿದು ನೋಡಿಕೊಂಡಿತು. "ನೀನ್ ಏಳ್ದೆ ಅಂತ ನಾನು ದಿನಾ ಎಳ್ಳೆಣ್ಣೆ ಉಜ್ತಿದ್ನಲ್ಲೋ ಮಗ. ಎಣ್ಣೆ ಓದ್ರೆ ಓಗ್ಲಿ. ಆ ಹುಡ್ಗೀನ ನಾ ಬೀದೀಲಿ ನಿಂತ್ಕೊಂಡು ಬೈದ್ನಲ್ಲ, ಆ ಮಾತ ಎಲ್ಲಿಗೋಗಿ ಎತ್ಕೊಂಡ್ ಬರ್ಲಿ?"

ಪ್ರಮೀಳಾ ಕೆರೆಯ ಹಿಂದಿನ ಹೊಲದಲ್ಲಿದ್ದಳು. ಅರ್ಫಾತ ಬದುವಿನ ಮೇಲೆ ನಡೆದು ಹೋಗುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಮುಟ್ಟಿತ್ತು. ಅವಳು ತಲೆ ಎತ್ತಿದಳು, ಮತ್ತೆ ಬಗ್ಗಿ ಕಳೆ ಕೀಳತೊಡಗಿದಳು.

"ತಪ್ಪಾಯ್ತಕ್ಕ."

"ಏಳಿದ್ರು ಈಗ ಬಂದು." ಎರಡು ಸಾಲು ಮುಂದೆ ಹೋದಳು. "ಕಾರ್ಡ್ ಕೆಟ್ಟಿದ್ದು ನಿಮ್ ತಪ್ಪಲ್ಲ ಬುಡಿ. ನೀವೇನ್ ಅದ್ರ ಒಟ್ಟೇಲಿ ಕುಂತಿದ್ರಾ? ನಾ ಏಳ್ದಾಗ ನಕ್ರಲ್ಲ, ಅದು. ಆಮೇಲೆ ಗೊತ್ತಾದ್ರೂ ಸುಮ್ನಿದ್ರಲ್ಲ, ಅದು."

"ಹೆದರ್ಕೊಂಡೆ."

"ನಾನೂ ಎದ್ರಿದ್ದೆ. ಕರ್ಪೂರದ್ ಮುಂದೆ. ಸುಳ್ಳಾಡ್ತೀನಿ ಅಂತಲ್ಲ." ಅವಳು ಸೊಂಟ ನೆಟ್ಟಗೆ ಮಾಡಿ ನಿಂತಳು. "ಅರ್ಫಾತು ನೋಡಿ ಸರಿ ಐತೆ ಅಂದ್ಮೇಲೆ, ನನ್ ಕೈನಲ್ಲೇ ಏನಾರಾ ಕೆಟ್ಟದ್ ಇರ್ಬೋದಾ ಅಂತ ನಂಗೇ ಅನ್ಸೋಕೆ ಶುರುವಾಗಿತ್ತು. ಅಕ್ಕಿ ಕದ್ದಿಲ್ಲ ಅಂತ ಗೊತ್ತು. ಆದ್ರೂವೆ ಮನೇಲಿ ಮಡ್ಕೆ ಮುಚ್ಚಳ ತಗ್ದು ತಗ್ದು ನೋಡ್ತಿದ್ದೆ, ನಂಗ್ ಗೊತ್ತಿಲ್ದೆ ಎಲ್ಲಾರಾ ಬಂದ್ಬುಟ್ಟೈತಾ ಅಂತ."

ಹಿಂದಿನಿಂದ ಮುದ್ದಯ್ಯ, ಅವರ ಹಿಂದೆ ಚಲುವಮ್ಮ, ಇನ್ನೂ ನಾಲ್ಕು ಜನ ಬದು ಹಿಡಿದು ಬರುತ್ತಿದ್ದರು. ಪ್ರಮೀಳಾ ಅವರನ್ನು ನೋಡಿದಳು. ಅವರು ಹತ್ತಿರ ಬರುವ ಮುಂಚೆಯೇ ಕೇಳಿದಳು.

"ಇಂಥ ಕಾರ್ಡು ಇನ್ ಎಲ್ಲೆಲ್ಲಿ ಆಕಿದ್ರಿ?"

"ಕೆ.ಆರ್. ಪೇಟೇಲಿ. ಶ್ರೀರಂಗಪಟ್ಣದ ಕಡೆ. ಪಾಂಡವಪುರದಲ್ಲಿ. ಎಲ್ಲಾ ಬದ್ಲಾಯ್ಸಿದ್ದೀನಿ ಅಕ್ಕ."

"ಸುಮ್ನೆ ಸರ್ವೀಸು ಅಂತಾನಾ?"

ಅರ್ಫಾತ ತಲೆ ತಗ್ಗಿಸಿದ.

"ಅಲ್ಲೆಲ್ಲ ಅವುಗಳ ಮುಂದೆ ಕುಂತಿದ್ದೋರು ಯಾರು? ಅವ್ರು ಏನಾಗವ್ರೆ? ಕೇಳಿದ್ರಾ?"

ಕೇಳಿರಲಿಲ್ಲ. ಅವನು ಕಾರ್ಡುಗಳನ್ನು ನೆನಪಿಟ್ಟುಕೊಂಡಿದ್ದ, ಕುರ್ಚಿಗಳನ್ನು ನೋಡಿರಲಿಲ್ಲ.

"ಓಗಿ. ನನ್ ಮುಂದೆ ನಿಂತ್ಕೊಂಡು ಏನ್ ಮಾಡೀರಿ" ಅಂದಳು ಪ್ರಮೀಳಾ. ಅಷ್ಟರಲ್ಲಿ ಮುದ್ದಯ್ಯ ಹತ್ತಿರ ಬಂದು, ನಮ್ದೇ ತಪ್ಪಾಯ್ತು, ಕೆಲಸಕ್ಕೆ ವಾಪಸು ಬಾರವ್ವ ಅಂತ ಮಾತು ತೆಗೆದರು. "ಅದು ಆಮ್ಯಾಕೆ ನೋಡನ ಮಾವ. ಮೊದ್ಲು ಸಂಘದ್ ಹೆಂಗಸ್ರನ್ನೆಲ್ಲ ಸೇರ್ಸಿ, ನನ್ ಮುಂದೆ ಏಳಿದ್ನ ಅವ್ರ ಮುಂದೆ ಏಳಿ" ಅಂತ ಅವಳು ಅನ್ನುವುದು ಅರ್ಫಾತನಿಗೆ ಬದು ಇಳಿಯುವಾಗ ಕೇಳಿಸಿತು.

ಅರ್ಫಾತ ಆ ಕಾರ್ಡು ಹಾಕಿದ್ದ ಊರುಗಳಿಗೆಲ್ಲ ಮತ್ತೆ ಹೊರಟ. ಶ್ರೀರಂಗಪಟ್ಟಣದ ಕಡೆಯ ಅಂಗಡಿಯವನು ಇಂಟರ್ನೆಟ್ ಕಂಪನಿ ಬದಲಾಯಿಸಿ, ಹಳೆಯ ಕಂಪನಿಯವರನ್ನು ಬೈದುಕೊಂಡು ಆರಾಮಾಗಿದ್ದ. ಕೇಳಿ ನಕ್ಕು ಟೀ ಕುಡಿಸಿ ಕಳಿಸಿದ. ಪಾಂಡವಪುರದಲ್ಲಿ ಹಾಗಾಗಲಿಲ್ಲ. ಅಲ್ಲಿ ದೇವಯ್ಯ ಅಂತ ಒಬ್ಬ ಹಿರಿಯರು, ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತರಾದ ಮೇಲೆ ಹಟ ಹಿಡಿದು ಕಂಪ್ಯೂಟರು ಕಲಿತು, ಪಹಣಿ ತೆಗೆದುಕೊಡುವ, ಅರ್ಜಿ ತುಂಬುವ ಅಂಗಡಿ ಇಟ್ಟಿದ್ದರು. ಈಗ ಕುರ್ಚಿಯಲ್ಲಿ ಅವರ ಅಳಿಯ ಇದ್ದ.

"ಮಾವ ಬರೋದು ಬುಟ್ರು ಕಣಣ್ಣ. ಮಧ್ಯಾಹ್ನ ಆದ್ರೆ ಏನೋ ತಪ್ಪು ಒತ್ಬುಡೋರು, ಎಲ್ಲಾ ನಿಂತೋಗದು. ನಾವೇ ವಯಸ್ಸಾಯ್ತು ಸಾಕು ಬುಡಿ ಅಂದ್ವು" ಅಂದ ಅಳಿಯ.

ಅರ್ಫಾತ ಅವರ ಮನೆ ಕೇಳಿಕೊಂಡು ಹೋದ. ದೇವಯ್ಯ ಜಗುಲಿಯ ಮೇಲೆ ಕೂತು, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಬೀದಿ ನೋಡುತ್ತಿದ್ದರು. ಇವನು ನಿಂತುಕೊಂಡೇ ಎಲ್ಲ ಹೇಳಿದ. ಅವರು ಕೊನೆಯವರೆಗೂ ಕೇಳಿದರು.

"ಅಂಗಾರೆ ನಾ ತಪ್ಪು ಒತ್ತಿರ್ನಿಲ್ವಾ?"

"ಇಲ್ಲ ಯಜಮಾನ್ರೆ. ನೀವು ಸರಿಯಾಗೇ ಒತ್ತಿದ್ರಿ."

ದೇವಯ್ಯ ತಮ್ಮ ಕೈಗಳ ಕಡೆ ನೋಡಿದರು. ಆಮೇಲೆ ಒಳಕ್ಕೆ ತಿರುಗಿ ಹೆಂಡತಿಯನ್ನು ಕೂಗಿದರು, ಮಗಳನ್ನು ಕೂಗಿದರು, ಅಂಗಡಿ ಬಾಗಿಲು ಹಾಕಿಕೊಂಡು ಬರುವಂತೆ ಅಳಿಯನಿಗೆ ಫೋನು ಮಾಡಿಸಿದರು. ಎಲ್ಲರೂ ಬಂದು ಜಗುಲಿ ತುಂಬುವವರೆಗೂ ಕಾದರು.

"ಈಗ ಏಳಪ್ಪ, ಮೊದ್ಲಿಂದ" ಅಂದರು.

ಅರ್ಫಾತ ಸಿಡಿಲಿನ ಮಳೆಯಿಂದ ಶುರು ಮಾಡಿದ.